ನಡೆದುಕೊಂಡು ಬಂದ ಎದುರುಮನೆ ಅಕ್ಕ

ಮೊನ್ನೆ ಸೊಸೆ ಬಚ್ಚಲಲ್ಲಿ ಹೊಸ ಕೆಂಪು ಸೋಪು ಇಟ್ಟಿದ್ದಳು. ಕೈಗೆ ತೆಗೆದುಕೊಂಡೆ, ಕಾರ್ಬಾಲಿಕ್ ವಾಸನೆ ಮೂಗಿಗೆ ಬಡಿಯಿತು. ಆಗಿನ ಆಸ್ಪತ್ರೆಗಳ ವಾಸನೆ ಅದು. ಹಾಸನದ ಆಸ್ಪತ್ರೆಯ ಹೆಂಗಸರ ವಾರ್ಡು, ಕಬ್ಬಿಣದ ಮಂಚ, ಅದರ ಮೇಲೆ ನಮ್ಮ ಎದುರುಮನೆ ಅಕ್ಕ...

ಎರಡನೇ ಮಹಾಯುದ್ಧದ ಕಾಲ ಅದು. ನಾನು ಅರಕಲಗೂಡಿಗೆ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಅಕ್ಕ ಹೊಗೆಸೊಪ್ಪಿನ ವ್ಯಾಪಾರಿಯ ಹೆಂಡತಿ, ನನಗಿಂತ ಹತ್ತಾರು ವರ್ಷ ದೊಡ್ಡವಳು. ಒಬ್ಬಳೇ ಮಗಳು, ಇನ್ನೂ ಲಂಗ ಎತ್ತಿಕೊಂಡು ಓಡುವ ವಯಸ್ಸು. ಹೊಸ ಊರಿನಲ್ಲಿ ನನಗೆ ತವರು ಎಂದರೆ ಆ ಮನೆಯೇ ಆಗಿತ್ತು.

ಒಂದು ಮಧ್ಯಾಹ್ನ ಹಿತ್ತಲಿಗೆ ಕರೆದು, ತಲೆ ತಗ್ಗಿಸಿಕೊಂಡು ಹೇಳಿದಳು: "ಆಚೆಕಡೆಗೆ ಓದಾಗ ರಕ್ತ ಓಯ್ತದೆ ಕಣೆ. ಮೂಲವ್ಯಾಧಿ ಅಂತ ಸುಮ್ಕಿದ್ದೆ. ಈಗ ನಾಕ್ ಮೆಟ್ಲು ಅತ್ತುದ್ರೂ ಕಣ್ ಕತ್ಲೆ ಬತ್ತದೆ." ಸೀರೆಯ ನೆರಿಗೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟು ಇಳಿದುಹೋಗಿದ್ದಳು. ಅವತ್ತೇ ಅವಳ ಗಂಡನಿಗೆ ಹೇಳಿದೆ.

ಹಾಸನದ ಆಸ್ಪತ್ರೆಗೆ ಎಂದರೆ ಅವಳ ಅತ್ತೆ ಒಪ್ಪಲಿಲ್ಲ. "ಒಟ್ಟೆ ಕುಯ್ಸ್ಕಂಡು ಬದ್ಕಿರೋರು ಯಾರವ್ರೆ?" ಎಂದರು. ಗಂಡ ಕೇಳಲಿಲ್ಲ. ಮಾರನೆಯ ದಿನವೇ ಪೆಟ್ರೋಲ್ ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿಸಿದರು. ನಾನೂ ಜೊತೆಗೆ ಹೋದೆ. ದಿಬ್ಬ ಬಂದಲ್ಲೆಲ್ಲ ಬಸ್ಸು ನಿಲ್ಲುತ್ತಿತ್ತು. ಗಂಡಸರು ಇಳಿದು ತಳ್ಳುವಾಗ ಅಕ್ಕ ನನ್ನ ಕೈ ಬಿಡಲಿಲ್ಲ.

ದೊಡ್ಡ ಕರುಳಿನಲ್ಲಿ ಗಂಟಿದೆ, ಕ್ಯಾನ್ಸರ್ ಇರಬೇಕು, ಕೊಯ್ದು ತೆಗೆಯಬೇಕು ಎಂದರು ಡಾಕ್ಟರು. ಆದರೆ ಕೂಡಲೇ ಅಲ್ಲ. "ಮೈಯಲ್ಲಿ ರಕ್ತ ಬಹಳ ಕಡಿಮೆ. ಈಗ ಕೈಹಾಕಿದರೆ ಮೇಜಿನ ಮೇಲೇ ಹೋಗಿಬಿಡಬಹುದು" ಎಂದು ಕಬ್ಬಿಣದ ಔಷಧಿ ಕೊಟ್ಟು ಮಲಗಿಸಿಕೊಂಡರು. ಒಳಗೆ ಗಂಟು ಬೆಳೆಯುತ್ತಿರುವಾಗ ಸುಮ್ಮನೆ ಕಾಯುವುದು... ಆ ಭಯವನ್ನು ಹೇಗೆ ಹೇಳಲಿ.

ಆ ನಡುವೆ ಕಟ್ಟಾಯದಿಂದ ಗಾಡಿಯಲ್ಲಿ ಒಬ್ಬ ರೈತನನ್ನು ತಂದರು. ಗಟ್ಟಿಮುಟ್ಟಾದ ಆಳು. ಕರುಳು ಕಟ್ಟಿ ಹೊಟ್ಟೆ ಗಡಿಗೆಯಂತೆ ಊದಿತ್ತು. ಅವನಿಗೂ ಅಂಥದೇ ಗಂಟು. ಬಂದ ದಿನವೇ ಕೊಯ್ದರು. ಮರುಸಂಜೆ ಅವನ ಹೆಂಡತಿಯ ಅಳು ನಮ್ಮ ವಾರ್ಡಿನವರೆಗೂ ಕೇಳಿತು.

ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು. "ಅಂಥಾ ಆಳೇ ಓದ್ನಲ್ಲೇ. ನಾನ್ಯಾವ ಲೆಕ್ಕ. ನಡಿ, ಊರ್ಗೋಗವ."

ನಾನು ಡಾಕ್ಟರ ಹತ್ತಿರ ಓಡಿ, ಅಂಥ ಗಟ್ಟಿ ಆಳೇ ಉಳಿಯದಿದ್ದರೆ ಅಕ್ಕ ಉಳಿಯುತ್ತಾಳೆಯೇ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ನಾನು ನೋಡೋದು ಮೈಕಟ್ಟಲ್ಲಮ್ಮ. ಅವರು ಬಂದದ್ದು ಕರುಳು ಪೂರ್ತಿ ಕಟ್ಟಿದ ಮೇಲೆ. ಒಳಗೆ ಒಡೆದು ನಂಜು ಹರಡಿತ್ತು. ನಿಮ್ಮಕ್ಕ ನಡೆದುಕೊಂಡು ಬಂದಿದ್ದಾರೆ, ಅದೇ ದೊಡ್ಡ ಭರವಸೆ. ಇನ್ನು ಗಂಟು ಕರುಳಿನ ಗೋಡೆ ದಾಟಿದೆಯೋ, ಲಿವರಿಗೆ ಹೋಗಿದೆಯೋ, ಅದು ಹೊಟ್ಟೆ ತೆರೆದಾಗಲೇ ತಿಳಿಯೋದು."

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಈ ಕಡೆ ತಿರುಗಿ ನನ್ನ ಮುಖ ನೋಡಿ, "ಎದ್ ಬತ್ತೀನೇನೇ?" ಎಂದಳು.

"ಬತ್ತೀಯ ಕಣಕ್ಕ" ಎಂದೆ. ಅವಳ ಕಣ್ಣು ತಪ್ಪಿಸಿ ಹೊದಿಕೆ ಸರಿಮಾಡಿದೆ.

ಕೊನೆಗೆ ಮೈಯಲ್ಲಿ ರಕ್ತ ಸಾಕಷ್ಟು ಏರಿತು. ಆಪರೇಷನ್ ದಿನ ಅವಳ ಗಂಡ ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದು ಹೊರಗಿನ ಜಗಲಿಯಲ್ಲಿ ಕೂತರು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಬಿಸಿಲು ಅಂಗಳ ದಾಟಿದ ಮೇಲೆ ಡಾಕ್ಟರು ಬಂದರು. ಲಿವರ್ ಚೆನ್ನಾಗಿದೆ ಎಂದರು. ಅಕ್ಕನ ಗಂಡ ಕೈಮುಗಿದರು. ಆದರೆ ಡಾಕ್ಟರ ಮಾತು ಮುಗಿದಿರಲಿಲ್ಲ. ಗಂಟಿನ ಪಕ್ಕದ ಗ್ರಂಥಿಗಳಿಗೆ ರೋಗ ಇಳಿದಿತ್ತಂತೆ. ಕಂಡದ್ದನ್ನೆಲ್ಲ ತೆಗೆದಿದ್ದರು. ಕಾಣದ್ದು ಉಳಿದಿದ್ದರೆ ಮರಳಿ ಬರಬಹುದು. "ಕೆಲವು ವರ್ಷ ಸಿಗುತ್ತೆ. ಎಷ್ಟು ಅಂತ ಕೇಳಬೇಡಿ."

ಸಿಕ್ಕವು. ಅಕ್ಕ ಮತ್ತೆ ಮೈತುಂಬಿಕೊಂಡಳು, ಮಗಳು ಸೀರೆ ಉಡುವುದನ್ನು ಕಣ್ಣಾರೆ ನೋಡಿದಳು. ಆದರೆ ಉಂಡದ್ದು ಅರಗದೆ ಸ್ವಲ್ಪ ಹೊಟ್ಟೆ ನೊಂದರೂ ಸಾಕು, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಒಂದು ಯುಗಾದಿಯ ಹೊತ್ತಿಗೆ ಅವಳ ಕಣ್ಣು ಹಳದಿಯಾಯಿತು. ರೋಗ ಲಿವರಿಗೇ ಇಳಿಯಿತೆಂದು ತಿಳಿಯಿತು. ಆಸ್ಪತ್ರೆಗೆ ಹೋಗೋಣ ಎಂದೆ.

"ಬ್ಯಾಡ ಕಣೆ. ಈ ಸಲ ನಾನೇನೂ ಕೇಳಕ್ಕಿಲ್ಲ. ನಿನ್ ಮಕ ನೋಡುದ್ರೇ ಗೊತ್ತಾಯ್ತದೆ."

ಮುಂಗಾರು ಹಿಡಿಯುವ ಮೊದಲೇ ಹೋಗಿಬಿಟ್ಟಳು...

ಅವಳ ವಯಸ್ಸನ್ನು ದಾಟಿ ನಾನು ಎಷ್ಟೋ ಮುಂದೆ ಬಂದಿದ್ದೇನೆ. ಈಗಿನ ಡಾಕ್ಟರುಗಳು ಹೊಟ್ಟೆ ತೆರೆಯದೆಯೇ ಒಳಗಿನದನ್ನು ಕಾಣುತ್ತಾರಂತೆ, ಮುಂದಿನದನ್ನೂ ಸುಮಾರಾಗಿ ಹೇಳುತ್ತಾರಂತೆ. ಇರಬಹುದು. ಈಚೆಗೆ ನನಗೂ ಊಟ ಸೇರುತ್ತಿಲ್ಲ. ನಾಳೆ ಮಗ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಾನೆ. ಅವನಿಗೆ ಎಲ್ಲವನ್ನೂ ಹೇಳಿದ್ದೇನೆ, ಹೆದರಿಕೆಯೊಂದನ್ನು ಬಿಟ್ಟು. ಅದನ್ನು ಹೇಳಿಕೊಳ್ಳಬಹುದಾಗಿದ್ದವಳು ಅಕ್ಕ ಒಬ್ಬಳೇ. ಅವಳಿಲ್ಲ.