ಎದುರುಮನೆ ಆಂಟಿಯ ಎಡಗೈ

ಮೊನ್ನೆ ತುಮಕೂರಿನ ಮೆಡಿಕಲ್ ಸ್ಟೋರಿನಲ್ಲಿ ನನ್ನ ಮುಂದೆ ನಿಂತಿದ್ದವರು ನೋವಿನೆಣ್ಣೆಯ ಬಾಟಲಿ ತೆರೆದು ಮೂಸಿ ನೋಡಿದರು. ಎಳ್ಳೆಣ್ಣೆಗೆ ಕರ್ಪೂರ ಬೆರೆತ ವಾಸನೆ. ಗುಬ್ಬಿಯ ನಮ್ಮ ಎದುರುಮನೆ ಆಂಟಿಯ ಕೋಣೆಯಲ್ಲಿ ಇದೇ ವಾಸನೆ ತುಂಬಿರುತ್ತಿತ್ತು...

ನಾನು ಮದುವೆಯಾಗಿ ಗುಬ್ಬಿಗೆ ಬಂದ ಹೊಸದು. ನನ್ನ ರಂಗೋಲಿ ನೋಡಿ ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏನಮ್ಮಾ ಇದು, ಮುಗ್ಗರಿಸಿ ಬಿದ್ದಂಗೈತೆ? ಎಲ್ಲಾ ಕಲಿಸ್ಬುಟ್ಟು ಚುಕ್ಕಿ ಇಡೋದೊಂದು ಮರೆತ್ರಾ ನಿಮ್ ಕಾನ್ವೆಂಟ್ ಸಿಸ್ಟರ್‌ಗಳು?" ಕುಣಿಗಲ್ ಕಡೆಯವರು, ನಾಲಿಗೆ ಚುರುಕು. ಅವತ್ತಿನಿಂದ ನನ್ನ ಬೆರಳು ಹಿಡಿದು ಎಳೆ ಬಿಡುವುದನ್ನು ಕಲಿಸಿದರು.

ಒಂದು ಸೋಮವಾರ ಬೆಳಿಗ್ಗೆ ಅವರ ಎಡಗೈಯಿಂದ ಕಾಫಿ ಲೋಟ ಜಾರಿತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಅಂಕಲ್ ಓಡಿಹೋಗಿ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದರು. ಗಲಾಟೆ ಕೇಳಿ ನಾನೂ ಹೋದೆ. ಆಂಟಿ ಏಳಲೊಲ್ಲರು. "ಜೋಮು ಕಣ್ರೀ, ಅಷ್ಟೇಯ. ಈಗ ರಾಹುಕಾಲ. ಒಂಬತ್ತು ಹೊಡೀಲಿ, ತಡೀರಿ." ಅವರ ಮಾತು ಮೀರಿ ಅಂಕಲ್ ಯಾವತ್ತೂ ಹೊಸ್ತಿಲು ದಾಟಿದವರಲ್ಲ. ಎಣ್ಣೆ ಕಾಯಿಸಿ ಕೈ ತಿಕ್ಕುತ್ತಾ, ಗಡಿಯಾರ ನೋಡುತ್ತಾ ಕೂತರು. ಅದು ಸ್ಟ್ರೋಕ್ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಒಂಬತ್ತು ಹೊಡೆದ ಮೇಲೇ ಹೊರಟೆವು. ತುಮಕೂರಿನ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಆಮೇಲೆ ಸ್ಕ್ಯಾನ್ ತೋರಿಸಿ ಮೆಲ್ಲಗೆ ವಿವರಿಸಿದರು. ಮಿದುಳಿನ ಬಲಭಾಗಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿತ್ತು. ರಕ್ತ ಸಿಗದ ಜೀವಕೋಶಗಳು ನಿಮಿಷ ನಿಮಿಷಕ್ಕೂ ಸಾಯುತ್ತವೆ. ಇನ್ನೂ ಬೇಗ ಬಂದಿದ್ದರೆ ಇನ್ನಷ್ಟು ಉಳಿಯುತ್ತಿದ್ದವು. ಸತ್ತದ್ದು ಮರಳುವುದಿಲ್ಲ, ಅಕ್ಕಪಕ್ಕದ ಭಾಗ ಆ ಕೆಲಸ ಕಲಿತಷ್ಟೇ ಚೇತರಿಕೆ.

"ಪಕ್ಕದ್ಮನೆಯೋಳು ಬಂದು ನಮ್ಮನೇಲಿ ಮುದ್ದೆ ತಿರುವ್ದಂಗೆ ಅನ್ನು," ಎಂದು ಆಂಟಿ ನಕ್ಕರು. ಮಾತು ಉಳಿದಿತ್ತು. ಹೋದದ್ದು ಎಡಗಡೆ ಎನ್ನುವುದೇ. ತಟ್ಟೆಯ ಬಲಗಡೆಯದಷ್ಟೇ ಉಂಡು "ಪಲ್ಯ ಬಡಿಸ್ಲೇ ಇಲ್ವಲ್ಲ" ಎನ್ನುವರು, ಪಲ್ಯ ಎಡಕ್ಕಿರುತ್ತಿತ್ತು. ಒಂದು ದಿನ ತೊಡೆಯ ಮೇಲಿದ್ದ ತಮ್ಮದೇ ಎಡಗೈ ತೋರಿಸಿ, "ಇದ್ಯಾರ್ದ್ರೀ ಕೈ, ಇಲ್ಲಿಟ್ಟು ಹೋಗವ್ರೆ?" ಎಂದರು.

"ನಿಂದೇ ಕಣೇ," ಎಂದು ಅಂಕಲ್ ಎಣ್ಣೆ ಹಚ್ಚುತ್ತಲೇ ಇದ್ದರು.

ಎಡಗಡೆಯಿಂದಲೇ ಮಾತಾಡಿಸಬೇಕು, ಆಗ ಅತ್ತ ಗಮನ ಮರಳಬಹುದು ಎಂದಿದ್ದರು ಡಾಕ್ಟರು. ನಾನು ಎಡಕ್ಕೆ ಕೂರುತ್ತಿದ್ದೆ. ಆಂಟಿ ಬಲಗಡೆಯ ಗೋಡೆಗೆ ಉತ್ತರ ಕೊಡುತ್ತಿದ್ದರು. ಬಲಗೈಯಲ್ಲಿ ಮಣೆಯ ಮೇಲೆ ರಂಗೋಲಿ ಹಾಕುವರು... ಬಲಗಡೆಯ ಅರ್ಧ ಮಾತ್ರ. "ಹೆಂಗೈತೆ?" ಎಂದು ಹೆಮ್ಮೆಯಿಂದ ಕೇಳುವರು. "ಒಂದ್ಸಲ ಈ ಕಡೆ ತಿರುಗಿ ನೋಡ್ಬುಟ್ರೆ ಸಾಕು ಕಣಮ್ಮಾ," ಎಂದು ಅಂಕಲ್ ನನ್ನ ಬಳಿ ಪಿಸುಗುಡುತ್ತಿದ್ದರು.

ಎಷ್ಟೋ ತಿಂಗಳ ಮೇಲೆ ಒಂದು ಸಂಜೆ ನಾನು ಕರೆದಾಗ ಅವರ ಕುತ್ತಿಗೆ ಮೆಲ್ಲಗೆ ತಿರುಗಿತು. ನನ್ನನ್ನು ನೋಡಿದರು. ಮಣೆ ನೋಡಿದರು. ಅಂಕಲ್ ಮುಖ ಅರಳಿತು.

"ಇನ್ನರ್ಧ ಎಲ್ಲೋಯ್ತು?"

ಆಂಟಿ ಬಲಗೈಯಿಂದ ಎಡಗೈಯನ್ನು ಎತ್ತಿ ನೋಡಿದರು, ಬಿಟ್ಟರು. ಅದು ಧೊಪ್ಪನೆ ಬಿತ್ತು. ಆ ಕಣ್ಣಲ್ಲಿ ಅಷ್ಟು ದಿನ ಕಾಣದಿದ್ದ ನೀರು.

"ಅವತ್ತು ತಡೀರಿ ಅಂದೋಳು ನಾನೇ ಅಲ್ವೇನ್ರೀ?"

ಅಂಕಲ್ ಟವಲಿಗೆ ಕೈ ಒರೆಸಿಕೊಂಡರು. "ಇಲ್ಲ ಕಣೇ. ಆಟೋ ಸಿಗ್ಲಿಲ್ಲ."

"ಒಂದೂವೆ?"

"ಒಂದೂ ಸಿಗ್ಲಿಲ್ಲ."

ಆಂಟಿ ನನ್ನತ್ತ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಮರುವರ್ಷ ಇನ್ನೊಂದು ಸ್ಟ್ರೋಕ್ ಬಂದು ಆಂಟಿ ಹೋದರು. ಅಂಕಲ್ ಕುಣಿಗಲ್ಲಿನ ಮಗಳ ಮನೆ ಸೇರಿದರು. ಕಂಡಾಗಲೆಲ್ಲ ಅದನ್ನೇ ಹೇಳುವರು: "ಒಂದಾದ್ರೂ ಆಟೋ ಸಿಕ್ಕಿದ್ರೆ ಉಳ್ಕೊಂಬುಡೋಳು ಕಣಮ್ಮಾ." ನಾನು ಹೂಂ ಅನ್ನುತ್ತಿದ್ದೆ. ಈ ವರ್ಷ ಅವರೂ ಇಲ್ಲ... ಹೂಂ ಅನ್ನಲು ಎದುರಿಗೆ ಯಾರೂ ಇಲ್ಲ.