ಹೆಂಡತಿಯ ನಕ್ಷತ್ರ

ಮುಲುಂಡಿನಿಂದ ಘಾಟ್ಕೋಪರ್‌ವರೆಗೆ ಲೋಕಲ್ ರೈಲು, ಅಲ್ಲಿಂದ ಅಂಧೇರಿಗೆ ಮೆಟ್ರೋ. ಈ ದಾರಿಯಲ್ಲಿ ಮೊಬೈಲ್ ನೋಡುತ್ತಾ ನಾನು ದಿನವೂ ಎಷ್ಟು ತಿಳಿದುಕೊಳ್ಳುತ್ತೇನೆಂದರೆ, ಆಫೀಸು ಮುಟ್ಟುವ ಹೊತ್ತಿಗೆ ಆಫೀಸಿನ ಕೆಲಸಕ್ಕೆ ತಲೆಯಲ್ಲಿ ಜಾಗವೇ ಉಳಿದಿರುವುದಿಲ್ಲ. ಯಾವ ಸೊಪ್ಪಿನಲ್ಲಿ ಯಾವ ಸತ್ವವಿದೆ, ಯಾವ ದೇಶದ ಸರ್ಕಾರ ಅಲ್ಲಾಡುತ್ತಿದೆ, ನಮ್ಮ ಸೊಸೈಟಿಯ ಬಿ ವಿಂಗಿನ ಲಿಫ್ಟ್ ಯಾಕೆ ನಿಂತಿದೆ, ಎಲ್ಲವೂ ನನಗೆ ಗೊತ್ತು. ನಾವಿರುವುದು ಎ ವಿಂಗಿನಲ್ಲಿ.

ಇದು ಚಟವೆಂದು ಒಪ್ಪಿಕೊಳ್ಳುತ್ತೇನೆ. ಯಾರಾದರೂ ಏನಾದರೂ ಕೇಳಿದಾಗ ‘ಗೊತ್ತಿಲ್ಲ’ ಎನ್ನಬೇಕಾಗಿ ಬಂದರೆ ನನಗೆ ಹಸಿದವನ ಮುಂದಿನಿಂದ ತಟ್ಟೆ ಎಳೆದುಕೊಂಡಷ್ಟು ಸಂಕಟವಾಗುತ್ತದೆ.

ಕಳೆದ ವರ್ಷ ನನ್ನ ಹೆಂಡತಿ ಸರಳಾಳ ಕತ್ತಿನಲ್ಲಿ ಒಂದು ಸಣ್ಣ ಗಂಟು ಕಾಣಿಸಿತು. ಡಾಕ್ಟರು ಸೂಜಿಯಿಂದ ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಹೌದೋ ಅಲ್ಲವೋ ವರದಿ ಬಂದ ಮೇಲೆಯೇ ಹೇಳಲು ಸಾಧ್ಯ, ಐದು ದಿನ ಕಾಯಿರಿ ಎಂದರು. ಕಾಯುವುದು ಸರಳಾಳಿಗೆ ಬರುತ್ತದೆ, ನನಗೆ ಬರುವುದಿಲ್ಲ. ನಾನು ಓದಲು ಕುಳಿತೆ. ಕತ್ತಿನ ಗ್ರಂಥಿಗಳಿಗೆ ಬರಬಹುದಾದ ಕಾಯಿಲೆಗಳ ಹೆಸರೆಲ್ಲ ಬಾಯಿಪಾಠವಾಯಿತು. ಒಂದು ಕಡೆ ಎಲೆಕೋಸನ್ನು ಮುಟ್ಟಲೇಬೇಡಿ ಎಂದಿತ್ತು, ಇನ್ನೊಂದು ಕಡೆ ಎಲೆಕೋಸನ್ನೇ ತಿನ್ನಿ ಎಂದಿತ್ತು. ಎರಡನ್ನೂ ನಾನು ಅಡುಗೆಮನೆಗೆ ಹೋಗಿ ವರದಿ ಮಾಡಿದೆ. ಅರ್ಧ ಕೋಸು ಹೆಚ್ಚಿದ್ದ ಸರಳಾ ಈಳಿಗೆಮಣೆಯಿಂದ ತಲೆಯೆತ್ತಲಿಲ್ಲ.

“ಮೊದಲು ಒಂದು ತೀರ್ಮಾನ ಮಾಡ್ಕೊಂಡು ಬನ್ನಿ. ಅಲ್ಲಿವರೆಗೂ ಬರೀ ಸಾರು ಮಾಡ್ತೀನಿ” ಎಂದಳು.

ನಾಲ್ಕನೆಯ ದಿನ ಬೆಳಗ್ಗೆ ನನ್ನ ಓದು ಗಾಬರಿಯಾಗಿ ತಿರುಗಿತು. ಸ್ಟೇಷನ್ನಿನ ಆಚೆಗಿರುವ ಗಣಪತಿ ಗುಡಿಗೆ ಹೋದೆ. ಅಲ್ಲಿನ ಅರ್ಚಕರು ಉಡುಪಿ ಕಡೆಯವರು. ಸರಳಾಳ ಹೆಸರಿನಲ್ಲಿ ಅರ್ಚನೆ ಮಾಡಿಸಬೇಕೆಂದೆ.

ಅರ್ಚನೆಯ ಕ್ರಮ ನಿಮಗೆ ಗೊತ್ತೇ ಇದೆ. ಗೋತ್ರ, ನಕ್ಷತ್ರ, ರಾಶಿ, ಹೆಸರು ಎಲ್ಲ ಹೇಳಬೇಕು. ಬ್ಯಾಂಕಿನ ಕೆವೈಸಿ ಇದರ ಮೊಮ್ಮಗನಿರಬೇಕು. ಸಂಕಲ್ಪದಲ್ಲಂತೂ ವಿಳಾಸವೂ ಬರುತ್ತದೆ. ಜಂಬೂದ್ವೀಪದಿಂದ ಹೊರಟು, ಭರತಖಂಡ ದಾಟಿ, ಗೋದಾವರಿಯ ದಕ್ಷಿಣ ತೀರಕ್ಕೆ ಬಂದು ನಿಲ್ಲುತ್ತದೆ. ವಿಂಗೂ ಇಲ್ಲ, ಫ್ಲ್ಯಾಟ್ ನಂಬರೂ ಇಲ್ಲ. ಕೊರಿಯರಿನವನು ಇಷ್ಟರಲ್ಲಿ ನಾಲ್ಕು ಸಲ ಫೋನ್ ಮಾಡಿರುತ್ತಿದ್ದ. ಎಲ್ಲವನ್ನೂ ಬಲ್ಲವನಿಗೆ ಇಷ್ಟೊಂದು ಮಾಹಿತಿ ಯಾಕೆ ಒದಗಿಸುತ್ತೇವೆ ಎಂದು ನಾನು ಹಿಂದೆಯೂ ಯೋಚಿಸಿದ್ದುಂಟು. ಆದರೆ ಮಾಹಿತಿ ಕೊಡುವುದು ನನಗೆ ಇಷ್ಟದ ಕೆಲಸವಾದ್ದರಿಂದ ತಕರಾರು ತೆಗೆದಿರಲಿಲ್ಲ.

“ನಕ್ಷತ್ರ ಎಂತದು?” ಎಂದರು ಭಟ್ಟರು.

ಮದುವೆಯಾಗಿ ಇಪ್ಪತ್ತೆಂಟು ವರ್ಷ ನಾನು ನನ್ನ ನಕ್ಷತ್ರವನ್ನೇ ಹೇಳಿ, ‘ಸಹಕುಟುಂಬಾನಾಂ’ ಎಂಬ ಒಂದೇ ಪದದೊಳಗೆ ಅವಳನ್ನು ಸೇರಿಸಿ ಮುಗಿಸಿದ್ದೆ. ಅವಳ ಕತ್ತಿನ ಜೀವಕೋಶಗಳ ಬಗೆಬಗೆಯ ಹೆಸರು ಬಲ್ಲೆ, ಅವಳ ನಕ್ಷತ್ರ ತಿಳಿಯದು. ಕೈ ಅಭ್ಯಾಸಬಲದಿಂದ ಮೊಬೈಲಿಗಾಗಿ ಜೇಬಿಗೆ ಹೋಯಿತು. ಅದರಲ್ಲಿ ಏನೆಂದು ಹುಡುಕುವುದು? ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಅಳುವೂ ಬಂತು. ಗುಡಿಯಲ್ಲಿ ನಿಂತು ಅತ್ತೆ.

ಭಟ್ಟರು ಹೂವಿನ ತಟ್ಟೆ ಸರಿಮಾಡಿಕೊಂಡರು. “ಗೊತ್ತಿಲ್ಲದಿದ್ರೆ ಬಿಡಿ ಮಾರಾಯ್ರೆ. ನಾವು ಇದೆಲ್ಲ ಹೇಳುದು ಅವನಿಗೆ ತಿಳೀಲಿ ಅಂತ ಅಲ್ಲ. ಅವನಿಗೆ ಮೊದಲೇ ಗೊತ್ತುಂಟು. ಯಾರಿಗೋಸ್ಕರ ಬಂದದ್ದು ಅಂತ ನಮಗೆ ನೆನಪಿರ್ಲಿಕ್ಕೆ” ಎಂದು ಬರಿ ಹೆಸರು ಹೇಳಿ ಅರ್ಚನೆ ಮಾಡಿದರು.

ನಾನೇನು ದೊಡ್ಡ ಭಕ್ತನಲ್ಲ. ಆದರೂ ಗುಡಿಯ ಮೆಟ್ಟಿಲಿಳಿಯುವಾಗ, ತುಂಬಿದ ಲೋಕಲಿನಲ್ಲಿ ಯಾರೋ ನನ್ನ ಬ್ಯಾಗನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡಂತೆ ಹಗುರಾಯಿತು. ಆ ಗಂಟಿನಲ್ಲಿ ಏನಿದೆಯೆಂದು ತಿಳಿದವನೊಬ್ಬ ಇದ್ದಾನೆ. ನಾನು ಅರ್ಧಂಬರ್ಧ ಓದಿ ಅವನಿಗೆ ಸಹಾಯ ಮಾಡಬೇಕಾಗಿಲ್ಲ. ಇದು ನಂಬಿಕೆಯೋ ಸುಸ್ತೋ ಎಂದು ಕೇಳಿದರೆ, ನನ್ನಂಥವರಿಗೆ ಎರಡೂ ಒಂದೇ ಬಾಗಿಲಿನಿಂದ ಬರುತ್ತವೆ ಎಂದು ಕಾಣುತ್ತದೆ.

ಮಾರನೆಯ ದಿನ ವರದಿ ನನ್ನ ಮೊಬೈಲಿಗೆ ಬಂತು. ನಾವು ಆಗ ಡಾಕ್ಟರರ ಬಳಿಗೆ ಆಟೋದಲ್ಲಿ ಹೊರಟಿದ್ದೆವು.

“ಏನು ಬರ್ದಿದಾರೆ?” ಎಂದಳು ಸರಳಾ.

“ಓದಿಲ್ಲ. ಡಾಕ್ಟರೇ ಓದ್ಲಿ.”

ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವಿದೆಯೋ ಎಂದು. ಓದುವ ಕೆಲಸ ತಪ್ಪಿದ್ದರಿಂದ ನನಗೆ ಬೇರೇನೂ ತೋಚಲಿಲ್ಲ. “ಹೆದರಿಕೆ ಆಗ್ತಿದೆಯಾ?” ಎಂದು ಕೇಳಿದೆ. ಐದು ದಿನದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ಅಲ್ಲಿಯವರೆಗೆ ನಾನು ಬರೀ ಉತ್ತರ ಹೇಳುತ್ತಿದ್ದೆ.

ಸರಳಾ ರಸ್ತೆಯ ಕಡೆ ತಿರುಗಿದಳು. “ಮೊದಲ ದಿನದಿಂದ ಆಗ್ತಿದೆ. ಸ್ವಲ್ಪ ಕೈ ಹಿಡ್ಕೊಳ್ಳಿ ಅನ್ನೋಣ ಅಂದ್ರೆ, ಯಾವಾಗ ನೋಡಿದ್ರೂ ನಿಮ್ಮ ಎರಡೂ ಕೈಯಲ್ಲಿ ಮೊಬೈಲು.”

ಗಂಟು ಸಾಧಾರಣದ್ದು, ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು ಎಂದರಂತೆ ಡಾಕ್ಟರು. ‘ಅಂತೆ’ ಎನ್ನುತ್ತಿದ್ದೇನೆ, ಯಾಕೆಂದರೆ ಅವರು ಇನ್ನೂ ಏನೇನೋ ವಿವರ ಹೇಳಿದರು, ನನಗೆ ಒಂದೂ ನೆನಪಿಲ್ಲ. ಸರಳಾಳ ಅಂಗೈ ಅಷ್ಟು ತಣ್ಣಗಿರುತ್ತದೆಂದು ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ.