ಅತ್ತಿಗೆಯ ತಗಡಿನ ತಲೆ

ನಟ್ಟಣ್ಣನ ಮನೆಯ ಬಚ್ಚಲಲ್ಲಿ ಈಗಲೂ ಒಂದು ತಗಡಿನ ಬಕೆಟ್ ಮೊಳೆಗೆ ನೇತಾಡುತ್ತಿದೆ. ಅದರ ಹೊಟ್ಟೆಗೆ ಎರಡು ತೂತು, ಅಕ್ಕಪಕ್ಕದಲ್ಲಿ, ಕಣ್ಣಿನ ಹಾಗೆ. ಹನಿ ನೀರು ನಿಲ್ಲುವುದಿಲ್ಲ. ಗುಜರಿಯವನು ಬಂದಾಗಲೆಲ್ಲ ಅದನ್ನು ಕೇಳುತ್ತಾನೆ, ನಟ್ಟಣ್ಣನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಅವನಿಗೆ ಬೈದು ಕಳಿಸುತ್ತಾರೆ. ಅರ್ಧ ಭೂಮಂಡಲದ ಮಂತ್ರಿಗಳನ್ನು ಮುಗಿಸಿದ ತಲೆಯೊಂದು ಆ ಬಕೆಟ್ಟಿನೊಳಗೆ ಬೆವರುತ್ತಿತ್ತು ಎಂದರೆ ಪಾಪ, ಅವನು ಹೇಗೆ ನಂಬಿಯಾನು?

ನಟ್ಟಣ್ಣನೂ ನಾನೂ ಒಂದೇ ಚಿತ್ರಕಥೆಯ ವಾರಪತ್ರಿಕೆಯಲ್ಲಿದ್ದೆವು. ಅವನು ಚಿತ್ರ ಬಿಡಿಸುತ್ತಿದ್ದ. ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಗಳಲ್ಲಿ ನಾನು ಮಾತು ತುಂಬುತ್ತಿದ್ದೆ. ಹಾಗಾಗಿ ನನ್ನ ಹೆಸರೇ ಗುಳ್ಳೆ ಎಂದಾಯಿತು. ಅವನಿಗೆ ನಟ್ಟಣ್ಣ ಎಂಬ ಹೆಸರು ಬಂದದ್ದು ಹಳೆಯ ಕೆಲಸದಿಂದ. ಪತ್ರಿಕೆಗೆ ಬರುವ ಮುಂಚೆ ಅವನು ಯಂತ್ರದಂಗಡಿಯ ಜಾಹೀರಾತಿಗೆ ನಟ್ಟು, ಬೋಲ್ಟು, ನೀರೆತ್ತುವ ಪಂಪು ಬಿಡಿಸುತ್ತಿದ್ದ. ಅವನು ಬಿಡಿಸಿದ ನಲ್ಲಿಯ ಕೆಳಗೆ ಜನ ಕೊಡ ಹಿಡಿದು ನಿಲ್ಲುತ್ತಿದ್ದರು, ಅಷ್ಟು ಸಾಚಾ. ಆದರೆ ಮನುಷ್ಯರ ಮುಖ ಮಾತ್ರ ಅವನ ಕೈಗೆ ಹತ್ತಲಿಲ್ಲ. ಮೂಗು ಬಿಡಿಸಿದರೆ ಅದೂ ನಲ್ಲಿಯೇ ಆಗುತ್ತಿತ್ತು. ಕಿವಿಗಳು ಬಾಗಿಲ ಹಿಡಿಗಳಾಗುತ್ತಿದ್ದವು.

ಪತ್ರಿಕೆಗೆ ಒಬ್ಬ ಖಳನಾಯಕ ಬೇಕಾದಾಗ ಅವನು ಬುದ್ಧಿ ಓಡಿಸಿದ. ನೆತ್ತಿಯಿಂದ ಹಿಮ್ಮಡಿಯವರೆಗೆ ಉಕ್ಕು ತೊಟ್ಟ ಗೂಢಚಾರ, ಬಾಡಿಗೆ ಕೊಲೆಗಾರ, ಹೆಸರು ಕರಾಳಕವಚ. ಮೈಮೇಲೆ ಎರಡು ಕ್ವಿಂಟಲ್ ಲೋಹ ಹೊತ್ತು ಬೆಕ್ಕಿನ ಹಾಗೆ ಸದ್ದಿಲ್ಲದೆ ಅರಮನೆಗಳಿಗೆ ನುಗ್ಗುತ್ತಿದ್ದ, ಬೀಗದ ಕಿಂಡಿಯಲ್ಲಿ ರಹಸ್ಯ ಕದಿಯುತ್ತಿದ್ದ. ಇಷ್ಟೆಲ್ಲ ಲೋಹ ಏಕೆ ಎಂದು ಓದುಗರು ತಲೆ ಕೆಡಿಸಿಕೊಂಡರು. ಕಾರಣ ಇಷ್ಟೇ: ಒಳಗೆ ಮೂಗು ಬಿಡಿಸುವ ಗೋಜಿಲ್ಲ.

ಲೋಹದ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ನೋಡಬೇಕಲ್ಲ? ಅದಕ್ಕೆ ಅತ್ತಿಗೆ ಸಿಕ್ಕರು. ಅವರು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಅಂಗಡಿಗಳಿಗೆ ಅಂಗಿ ಹೊಲಿದು ಕೊಡುತ್ತಿದ್ದರು. ತೋಳು ಕೂಡಿಸುತ್ತಿದ್ದವರನ್ನು ಎಬ್ಬಿಸಿ, ತಲೆಗೆ ಬಕೆಟ್ ಕವುಚಿ, ಮೊಣಕಾಲಿಗೆ ಪಾತ್ರೆಯ ಮುಚ್ಚಳ ಕಟ್ಟಿ, ಕೈಗೆ ಬಂದೂಕಿನ ಬದಲು ಸೌಟು ಕೊಟ್ಟು ನಿಲ್ಲಿಸುತ್ತಿದ್ದ. ನಾನು ಹೋದಾಗಲೆಲ್ಲ ಇದೇ ದರ್ಶನ.

“ಸ್ವಲ್ಪ ಕ್ರೂರವಾಗಿ ನಿಂತ್ಕೋ.”

“ಒಲೆ ಮೇಲೆ ಹಾಲಿದೆ ರೀ. ಅದು ಉಕ್ಕಲಿ, ಆಮೇಲೆ ನೋಡಿ ಕ್ರೂರ ಅಂದ್ರೆ ಏನು ಅಂತ.”

“ಪೆನ್ಸಿಲ್ ಎಲ್ಲಿ ಹೋಯ್ತೇ?”

“ನನ್ನ ತುರುಬಲ್ಲಿದೆ. ಬಕೆಟ್ ತೆಗೆದ್ರೆ ಸಿಗುತ್ತೆ.”

ಅವನು ಕಳೆಯುವ ಪೆನ್ಸಿಲನ್ನು ಅತ್ತಿಗೆ ಎತ್ತಿ ತುರುಬಿಗೆ ಸಿಕ್ಕಿಸಿಕೊಳ್ಳುವುದು ಆ ಮನೆಯ ನಿತ್ಯದ ವ್ಯವಸ್ಥೆ. ಅಂಗಡಿಗೆ ಹೋದರೂ ಅದು ಅಲ್ಲೇ ಇರುತ್ತಿತ್ತು. ಬಕೆಟ್ಟಿನೊಳಗಿಂದ ಅವರು ಬೈಯುವುದನ್ನು ನಾನು ಬರೆದುಕೊಳ್ಳುತ್ತಿದ್ದೆ. “ಇನ್ನೊಂದು ಗಳಿಗೆ ನಿಂತ್ರೆ ಒಬ್ರ ಹೆಣ ಬೀಳುತ್ತೆ” ಎಂದು ಅವರು ಗಂಡನಿಗೆ ಅಂದದ್ದು ಮುಂದಿನ ವಾರ ಕರಾಳಕವಚ ಒಬ್ಬ ಸೇನಾಪತಿಗೆ ಅಂದ. ಊರಿನ ಗಂಡಸರೆಲ್ಲ ಅದನ್ನು ಓದಿ ನಡುಗಿದರು. ಮದುವೆಯಾದವರು ಸ್ವಲ್ಪ ಜಾಸ್ತಿ ನಡುಗಿದರು.

ವರ್ಷಗಳು ಹಾಗೆ ಹೋದವು. ನಾಯಕನಿಗಿಂತ ಖಳನಿಗೇ ಅಭಿಮಾನಿಗಳು ಹೆಚ್ಚಾದರು. ಒಂದು ದಿನ ಸಂಪಾದಕರು ನಮ್ಮಿಬ್ಬರನ್ನೂ ಕರೆದರು.

“ಶಿರಸ್ತ್ರಾಣ ತೆಗೀಬೇಕು. ಒಳಗೆ ಯಾರಿದಾರೆ ಅಂತ ಜನ ನನ್ನ ಪ್ರಾಣ ತಿಂತಿದಾರೆ. ಮುಂದಿನ ಸಂಚಿಕೆಗೆ ಮುಖ ಬೇಕು.”

ನಟ್ಟಣ್ಣ ಬಿಳುಚಿಕೊಂಡ. “ಸರ್, ಮುಖ ಅಂದ್ರೆ... ಪೂರ್ತೀನಾ?”

“ಇಲ್ಲ, ಎಡಗಿವಿ ಒಂದು ಸಾಕು! ಏನಪ್ಪಾ ಇದು? ಆಗದಿದ್ರೆ ಹೇಳು, ಪಾತ್ರಾನೇ ಅವನಿಗೆ ಕೊಡ್ತೀನಿ.”

ಅವನು ಎಂದರೆ ನಾಯಕನನ್ನು ಬಿಡಿಸುತ್ತಿದ್ದ ಚಿತ್ರಗಾರ. ಅವನಿಗೆ ಒಂದೇ ಮುಖ ಗೊತ್ತಿತ್ತು, ಗುಲಾಬಿ ಗಲ್ಲದ್ದು. ನಾಯಕ, ನಾಯಕನ ತಾಯಿ, ನಾಯಕನ ಕುದುರೆ, ಮೂವರಿಗೂ ಅದೇ.

ಸುದ್ದಿ ಕೇಳಿ ಅತ್ತಿಗೆ ಹೊಲಿಗೆ ನಿಲ್ಲಿಸಿದರು.

“ಇಷ್ಟು ವರ್ಷ ಅದರೊಳಗೆ ಬೆಂದೋಳು ನಾನು. ನನ್ನ ಮೊಣಕೈ ಬಿಡಿಸಿದ್ರಿ, ಮೊಣಕಾಲು ಬಿಡಿಸಿದ್ರಿ, ಮುಖ ಒಂದು ದಿನಾನಾದ್ರೂ ಬಿಡಿಸಿದ್ರಾ? ಈಗ ಒಳಗಿಂದ ಆ ಗುಲಾಬಿ ಗಲ್ಲದ ಕುದುರೆ ಬಂದ್ರೆ ಬಕೆಟ್ ನಿಮ್ಮ ತಲೆಗೇ ಹಾಕ್ತೀನಿ. ಬನ್ನಿ, ಕೂತ್ಕೊಳ್ಳಿ. ಬರೀ ತಲೇಲಿ ಕೂತ್ಕೊಳ್ತೀನಿ, ಬಿಡಿಸಿ.”

ಕೂತರು. ಕೆನ್ನೆಗೆ ಅಂಟಿದ ಕೂದಲು ಸರಿಮಾಡಿಕೊಂಡು, ಮುಖಕ್ಕೊಂದು ಕಳೆ ತಂದುಕೊಂಡು, ಎಂದೂ ಕೂರದಷ್ಟು ಸುಮ್ಮನೆ ಕೂತರು. ಅವತ್ತು ಒಲೆಯ ಮೇಲಿನ ಹಾಲನ್ನೂ ಅವರೇ ಮೊದಲು ಇಳಿಸಿಟ್ಟು ಬಂದಿದ್ದರು. ಮೂರು ದಿನ ಹೀಗೇ ನಡೆಯಿತು. ನಟ್ಟಣ್ಣ ಅಳಿಸಿದ ರಬ್ಬರಿನ ಪುಡಿಯಲ್ಲಿ ಒಂದು ಕಾರಿಗೆ ನಾಲ್ಕೂ ಚಕ್ರ ಮಾಡಿಸಬಹುದಿತ್ತು. ಕೊನೆಗೆ ಅತ್ತಿಗೆ ಎದ್ದು ಬಂದು ಹಾಳೆ ನೋಡಿದರು.

ಹಾಳೆಯಲ್ಲಿ ಸೀರೆ ಉಟ್ಟ ಒಂದು ಪಂಪು ಇತ್ತು.

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ಹೋಗ್ಲಿ ಬಿಡಿ” ಎಂದರು. ಯಂತ್ರದ ಮುಂದೆ ನಮಗೆ ಬೆನ್ನು ಹಾಕಿ ಕೂತು, ಅರ್ಧಕ್ಕೆ ಬಿಟ್ಟಿದ್ದ ಅಂಗಿಯ ಕಾಲರು ಹೊಲಿಯತೊಡಗಿದರು. ನನಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ನಟ್ಟಣ್ಣ ಮಾತ್ರ ಹೆಂಡತಿಯ ಬೆನ್ನನ್ನೇ ನೋಡುತ್ತ ಕೂತ. ಪೆನ್ಸಿಲಿಗೆ ತಡಕಾಡಿದ, ಅದು ಎದುರಿಗೇ, ತುರುಬಿನಲ್ಲಿತ್ತು. ಕೇಳುವ ಧೈರ್ಯ ಬರಲಿಲ್ಲ. ನನ್ನ ಜೇಬಿನ ಪೆನ್ನನ್ನು ಕಿತ್ತುಕೊಂಡು ಬಿಡಿಸತೊಡಗಿದ, ರಬ್ಬರನ್ನು ಮುಟ್ಟಲೇ ಇಲ್ಲ.

ಮಾರನೆಯ ದಿನ ಸಂಪಾದಕರು ಹಾಳೆಯನ್ನು ತಿರುವಿ ಹಿಂಬದಿಯನ್ನೂ ನೋಡಿದರು. “ಮುಖ ಎಲ್ಲಯ್ಯಾ?”

“ಬೆನ್ನು ತಿರುಗಿಸಿಬಿಟ್ಟಿದೆ ಸರ್. ಕೊಲೆಗಾರರನ್ನ ಕೂಗಿ ಕರೆಯೋಕಾಗುತ್ತಾ?”

ಅಚ್ಚಿನ ಯಂತ್ರ ಕಾಯುತ್ತಿತ್ತು. ಸಂಪಾದಕರು ಹೊಟ್ಟೆನೋವಿನ ಗುಳಿಗೆ ನುಂಗಿ ಸಹಿ ಹಾಕಿದರು.

ಹೀಗೆ ಅಚ್ಚಾಯಿತು: ಕರಾಳಕವಚ ಶಿರಸ್ತ್ರಾಣ ತೆಗೆದು ಕಂಕುಳಲ್ಲಿ ಇರುಕಿಕೊಂಡು ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಹೌದು, ನಿಂತಿದ್ದಾಳೆ. ಉಕ್ಕಿನ ಭುಜಗಳ ಮೇಲೆ ಸಡಿಲವಾದ ತುರುಬು, ತುರುಬಿನಲ್ಲಿ ಅಡ್ಡಲಾಗಿ ಒಂದು ಪೆನ್ಸಿಲ್. ಎದುರಿಗಿದ್ದ ನಾಯಕನ ಕೈಯಿಂದ ಕತ್ತಿ ಜಾರಿದೆ. ಗುಳ್ಳೆಯಲ್ಲಿ ನಾನು ಹೆಚ್ಚೇನೂ ಬರೆಯಲಿಲ್ಲ: “ಏನು ನೋಡ್ತೀಯಾ?”

ಪತ್ರಿಕೆ ಬಂದ ಬೆಳಗ್ಗೆ ಅತ್ತಿಗೆ ನೂಲು ತರಲು ಅಂಗಡಿಗೆ ಹೋದರು. ಮುನಿಸಿನ್ನೂ ಆರಿರಲಿಲ್ಲ, ಪತ್ರಿಕೆ ಮುಟ್ಟಿರಲಿಲ್ಲ. ನಟ್ಟಣ್ಣನೂ ನಾನೂ ಕಳ್ಳರ ಹಾಗೆ ಹಿಂದೆ ಹೋದೆವು. ಸಾಲಿನಲ್ಲಿ ಅವರ ಹಿಂದೆ ಐದಾರು ಜನ. ಮೊದಲನೆಯವಳು, ದಪ್ಪ ಕನ್ನಡಕದ ದಾದಿ, ಕೈಯಲ್ಲಿದ್ದ ಪತ್ರಿಕೆ ನೋಡಿದಳು, ಅತ್ತಿಗೆಯ ತಲೆ ನೋಡಿದಳು, ಮತ್ತೆ ಪತ್ರಿಕೆ ನೋಡಿದಳು. ಪಿಸುಮಾತು ಸಾಲಿನ ತುದಿಯವರೆಗೆ ಹೋಗಿ ಬಾಗಿಲಾಚೆ ಇಳಿಯಿತು. ದಾರಿಹೋಕರೂ ನಿಂತರು.

“ಅಮ್ಮಾ,” ಎಂದಳು ದಾದಿ, “ತಪ್ಪು ತಿಳ್ಕೋಬೇಡಿ. ಸ್ವಲ್ಪ ಈ ಕಡೆ ತಿರುಗ್ತೀರಾ?”

ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು, ಎಡಗಾಲಿನ ಮೇಲೆ ಭಾರ ಹಾಕಿ ತಿರುಗಿದರು. ಆ ನಿಲುವು ಊರಿಗೆಲ್ಲ ವರ್ಷಗಳಿಂದ ಪರಿಚಿತ. “ಏನು ನೋಡ್ತೀಯಾ?” ಎಂದರು.

ಒಬ್ಬ ದಪ್ಪ ಗಿರಾಕಿ ಅಲ್ಲೇ ಮೂಟೆಯ ಮೇಲೆ ಕುಸಿದ. ಉಳಿದವರು ಚಪ್ಪಾಳೆ ತಟ್ಟಿದರು. ದಾದಿ ಪತ್ರಿಕೆಯನ್ನು ಅತ್ತಿಗೆಯ ಕೈಗಿಟ್ಟಳು. ಅವರು ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಒಂದು ಕೈ ತಾನಾಗಿ ತುರುಬಿಗೆ ಹೋಯಿತು. ಆಮೇಲೆ ಕಂಬದ ಹಿಂದೆ ಅಡಗಿದ್ದ ಗಂಡನನ್ನು ಕಂಡು, “ತುರುಬು ಇಷ್ಟು ಸಡಿಲ ಇತ್ತೇನ್ರೀ? ಹೇಳೋದಲ್ವಾ?” ಎಂದರು. ಅವನು ಉಸಿರು ಬಿಟ್ಟ ರಭಸಕ್ಕೆ ಅಂಗಡಿಯ ರಿಬ್ಬನ್ನುಗಳೆಲ್ಲ ಹಾರಾಡಿದವು.

ಪತ್ರಿಕೆ ಮುಚ್ಚಿ ಬಹಳ ಕಾಲವಾಯಿತು. ನಟ್ಟಣ್ಣನೂ ಹೋದ. ಮೊನ್ನೆ ಆ ಮನೆಗೆ ಹೋಗಿದ್ದೆ. ಅತ್ತಿಗೆ ಬಾಗಿಲಿಗೆ ಬೆನ್ನು ಹಾಕಿ ಯಂತ್ರದ ಮುಂದೆ ಕೂತಿದ್ದರು. ತುರುಬು ಬೆಳ್ಳಗೆ, ನೆಲ್ಲಿಕಾಯಿಯಷ್ಟು ಚಿಕ್ಕದು. ಪೆನ್ಸಿಲ್ ಅಲ್ಲೇ ಇತ್ತು. ಬೆಕ್ಕಿನ ಹಾಗೆ ಹೆಜ್ಜೆ ಇಟ್ಟೆ.

“ಬನ್ನಿ ಗುಳ್ಳೆಯವರೇ,” ಎಂದರು, ತಿರುಗಲಿಲ್ಲ.

ಯಾವುದೋ ವಿಳಾಸ ಬರೆದುಕೊಳ್ಳಬೇಕಾಗಿತ್ತು. “ಅತ್ತಿಗೆ, ಆ ಪೆನ್ಸಿಲ್ ಒಂದ್ನಿಮಿಷ ಕೊಡ್ತೀರಾ?”

ಯಂತ್ರ ನಿಂತಿತು. ಮತ್ತೆ ಓಡಿತು.

“ನಿಮ್ಮ ಜೇಬಲ್ಲಿ ಪೆನ್ನಿದೆ. ಅದರಲ್ಲಿ ಬರ್ಕೊಳ್ಳಿ,” ಎಂದರು.